ಮುಳ್ಳು ತಿದ್ದಿದ ಬೆಳಿಗ್ಗೆ

ತಕ್ಕಡಿ ಮಾವನಿಗೆ ಊರಿನ ಎಲ್ಲ ತಕ್ಕಡಿಗಳೂ ಮಕ್ಕಳಿದ್ದ ಹಾಗೆ. ಕಿರಾಣಿಯವರದ್ದಾಗಲಿ, ಗುಜರಿಯವರದ್ದಾಗಲಿ, ಅವನ ಕೈಯಲ್ಲೇ ರಿಪೇರಿ. ಮುಳ್ಳು ಒಂದು ಕೂದಲೆಳೆ ಆಚೀಚೆಯಾದರೂ ಅವನಿಗೆ ಅನ್ನ ಇಳಿಯದು. ಹೆಂಡತಿ ಮುನಿಸಿಕೊಂಡು ತವರಿಗೆ ಹೋದಾಗಲೂ ಇಷ್ಟು ಚಡಪಡಿಸಿರಲಿಲ್ಲ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು.

ಇಂಥವನ ಹೃದಯ ದುರ್ಬಲವಾಗಿದೆ ಎಂದು ಗೊತ್ತಾದಾಗ ಮನೆಯವರು ಹೌಹಾರಿದರು. ಆಮೇಲೆ ಆಸ್ಪತ್ರೆಯವರು ಬೀದಿಯಲ್ಲಿ ಮನೆಮನೆ ತಪಾಸಣೆ ಮಾಡಿದರು ನೋಡಿ, ಹೆಚ್ಚುಕಡಿಮೆ ಮೂರು ಮನೆಗೊಬ್ಬರಂತೆ ಅದೇ ಕಾಯಿಲೆಯವರು ಸಿಕ್ಕಿದರು! ಕಾಲು ಊದಿದರೆ ವಯಸ್ಸಾಯಿತು, ಏದುಸಿರು ಬಂದರೆ ಮೈ ಬಂತು ಎಂದುಕೊಂಡು ಎಲ್ಲರೂ ಕಾಲ ತಳ್ಳಿದ್ದರು. ಎದುರಂಗಡಿಯ ಟೈಲರ್, ಅಂದರೆ ಮಾವನ ಹೆಂಡತಿಯ ತಮ್ಮ, ಅವನೂ ಅವರಲ್ಲೊಬ್ಬ.

ಡಾಕ್ಟರಮ್ಮ ಎಲ್ಲರಿಗೂ ಒಂದೇ ಮಾತು ಹೇಳಿದ್ದರು: ಮಾತ್ರೆ ತಪ್ಪಿಸಬೇಡಿ, ಉಪ್ಪು ಕಡಿಮೆ ಮಾಡಿ, ಬೆಳಿಗ್ಗೆ ತೂಕ ನೋಡಿಕೊಳ್ಳಿ. ತೂಕ ದಿಢೀರನೆ ಏರಿದರೆ ಮೈಯಲ್ಲಿ ನೀರು ತುಂಬುತ್ತಿದೆ ಎಂದರ್ಥ, ಕೂಡಲೇ ಬನ್ನಿ. ಇನ್ನೇನು, ಮೂಟೆ ತೂಗುವ ಯಂತ್ರ ಮಾವನ ಅಂಗಡಿಯಲ್ಲಿತ್ತಲ್ಲ! ಬೆಳಗಾದರೆ ಅಲ್ಲಿ ಜಾತ್ರೆ. ಒಬ್ಬರ ತೂಕಕ್ಕೆ ಹತ್ತು ಜನರ ತಮಾಷೆ.

ಒಮ್ಮೆ ಎರಡು ದಿನ ಟಿವಿಯ ಕ್ರಿಕೆಟ್ ಮ್ಯಾಚಿನ ಗಲಾಟೆಯಲ್ಲಿ ಯಾರೂ ಅತ್ತ ಸುಳಿಯಲಿಲ್ಲ. ಮರುದಿನ ಎಲ್ಲರಿಗಿಂತ ಮೊದಲು ಮಾವ ಯಂತ್ರ ಹತ್ತಿದ. ಹಿಂದಿನ ಸಲಕ್ಕಿಂತ ಎರಡು ಕೆಜಿ ಜಾಸ್ತಿ! ಮೂಟೆ ತನ್ನಷ್ಟಕ್ಕೆ ಬೆಳೆಯುವುದಿಲ್ಲ, ತೂಕ ಏರಿತೆಂದರೆ ತಪ್ಪು ತಕ್ಕಡಿಯದೇ. ಇದು ಅವನ ಕಸುಬಿನ ಬುದ್ಧಿ. ಜನ ಆಗಲೇ ಬಾಗಿಲಲ್ಲಿದ್ದರು, ತೂಕದ ಬಟ್ಟು ಇಟ್ಟು ಪರೀಕ್ಷಿಸಲು ಪುರುಸೊತ್ತೆಲ್ಲಿ? ತಿರುಪು ತಿರುಗಿಸಿ ಮುಳ್ಳನ್ನು ಎರಡು ಕೆಜಿ ಹಿಂದಕ್ಕೆ ತಂದೇಬಿಟ್ಟ.

ಬೇಕರಿ ಅಜ್ಜಿ ಹತ್ತಿದಳು. ಎರಡು ಕೆಜಿ ಇಳಿದಿದ್ದಳು! ಚಪ್ಪಾಳೆಯೋ ಚಪ್ಪಾಳೆ. ಮೇಷ್ಟ್ರೂ ಎರಡು ಕೆಜಿ ಇಳಿದರು. ಹತ್ತಿದವರೆಲ್ಲ ಇಳಿದವರೇ. ಟೈಲರ್ ಒಬ್ಬನದು ಮಾತ್ರ ಹಿಂದಿನಷ್ಟೇ ಇತ್ತು.

“ಏರಿಲ್ಲ ತಾನೇ ಭಾವ?”

“ಗುಂಜಿಯಷ್ಟೂ ಇಲ್ಲ, ಹೋಗಿ ಬಟ್ಟೆ ಹೊಲಿ,” ಎಂದ ಮಾವ.

ಕಾಫಿ ತಂದ ಹೆಂಡತಿ ಸಂಭ್ರಮ ಕೇಳಿ ಹುಬ್ಬು ಗಂಟಿಕ್ಕಿದಳು. “ಎಲ್ರೂ ಒಂದೇ ಸಮ ಎರಡು ಕೆಜಿ ಹೇಗ್ರೀ ಇಳೀತಾರೆ? ಮುಳ್ಳು ಮುಟ್ಟಿದ್ರಾ?”

“ಹೂಂ ಕಣೆ, ನಂಗೆ ಎರಡು ಕೆಜಿ ಜಾಸ್ತಿ ತೋರಿಸ್ತಿತ್ತು.”

ಅವಳು ಲೋಟ ಕುಕ್ಕಿ ಅವನ ಕಾಲಿನ ಗಿಣ್ಣನ್ನು ಒತ್ತಿದಳು. ಬೆರಳಿನ ಗುಳಿ ಹಾಗೇ ಉಳಿಯಿತು. ಡಾಕ್ಟರಮ್ಮ ಹೇಳಿದ್ದ ನೀರು ಅದೇ. ಅಂಗಿ ಬದಲಿಸಲೂ ಬಿಡದೆ ಅವನನ್ನು ಆಟೋ ಹತ್ತಿಸಿದಳು.

ಆಸ್ಪತ್ರೆಯ ಯಂತ್ರವೂ ಅದೇ ಎರಡು ಕೆಜಿ ಹೆಚ್ಚಿಗೆ ತೋರಿಸಿತು. ಮಾವ ಏದುಸಿರಲ್ಲೂ ಹಿಗ್ಗಿಬಿಟ್ಟ. “ನೋಡಿದ್ಯಾ? ನಮ್ಮ ಯಂತ್ರ ಸರಿಯಾಗೇ ಇತ್ತು!”

“ಕೆಟ್ಟಿರೋದು ನೀವು ಕಣ್ರೀ!” ಎಂದು ಅವಳು ಅತ್ತೇಬಿಟ್ಟಳು.

ನೀರು ಇಳಿಸುವ ಇಂಜೆಕ್ಷನ್ ಆಯಿತು. “ನನ್ನ ಹೃದಯ ರಿಪೇರಿ ಆಗುತ್ತಾ ಡಾಕ್ಟ್ರೇ?” ಎಂದ ಮಾವ.

“ಪೂರ್ತಿ ಆಗಲ್ಲ. ಆದ್ರೆ ಹೇಳಿದ್ದು ಕೇಳಿ, ತೂಕ ಏರಿದ ದಿನಾನೇ ಬಂದೋರು ಎಷ್ಟೋ ಜನ ವರ್ಷಗಟ್ಟಲೆ ಚೆನ್ನಾಗಿದ್ದಾರೆ. ತಡ ಮಾಡಿದೋರೇ ಕೈಬಿಟ್ಟು ಹೋಗೋದು. ಈ ಎರಡು ದಿನ ಏನು ತಿಂದ್ರಿ?”

“ಮ್ಯಾಚ್ ನೋಡ್ತಾ ಉಪ್ಪು ಕಡಲೆಕಾಯಿ. ನಾನು, ನಮ್ಮ ಟೈಲರ್...”

ಮಾವ ಹಾಸಿಗೆಯಿಂದ ಎದ್ದೇಬಿಟ್ಟ. “ಅಯ್ಯೋ, ಫೋನ್ ಮಾಡೇ! ನಾನು ಮುಳ್ಳು ಹಿಂದಕ್ಕೆ ತಂದಿದ್ದಕ್ಕೆ ಎಲ್ರೂ ಎರಡು ಕೆಜಿ ಇಳಿದ್ರು. ನಿನ್ನ ತಮ್ಮ ಮಾತ್ರ ಇಳೀಲಿಲ್ಲ. ಅಂದ್ರೆ ಅವನೂ ಏರಿದ್ದಾನೆ!”

ಟೈಲರ್ ಫೋನ್ ಎತ್ತಲಿಲ್ಲ. ಬೇಕರಿ ಅಜ್ಜಿಗೆ ಫೋನ್ ಮಾಡಿ ಹೇಳಿದಾಗ ಬಿದ್ದೆನೋ ಎದ್ದೆನೋ ಎಂದು ಅವನ ಅಂಗಡಿಗೆ ಓಡಿದಳು. ಅವನು ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಉಸಿರಿಗಾಗಿ ಒದ್ದಾಡುತ್ತಿದ್ದ. ನಾಲ್ಕು ಜನ ಆಸ್ಪತ್ರೆಗೆ ಎತ್ತಿಕೊಂಡೇ ತಂದರು.

ಸಂಜೆಗೆ ಅವನ ಉಸಿರು ಹಿಡಿತಕ್ಕೆ ಬಂತು. ಪಕ್ಕದ ಮಂಚದಲ್ಲಿ ಟೈಲರ್ ಕಣ್ಣುಬಿಟ್ಟ. “ಅಷ್ಟು ಆಯಾಸ ಆಗ್ತಿದ್ರೂ ಸುಮ್ನೆ ಹೊಲೀತಾ ಕೂತಿದ್ದೆ ಭಾವ. ತೂಕ ಏರಿಲ್ಲ ಅಂತ ನೀವೇ ಹೇಳಿದ್ರಲ್ಲ.”

ಮಾವ ಅವನ ಕೈ ಹಿಡಿದುಕೊಂಡ. ಎಲ್ಲರೂ ನೋಡುತ್ತಿದ್ದಂತೆ ಗಳಗಳನೆ ಅತ್ತ.