ಗೋಡೆಯ ಹೊಳೆಯಲ್ಲಿ ಪೀರಬಿ ಎಲ್ಲಿ?

ಕೊಲ್ಹಾರದ ಬಸ್ ನಿಲ್ದಾಣದಲ್ಲಿ ಮೊಸರು ಮಾರುವ ರುಕ್ಮವ್ವನ ಕೈಗೆ ಸುಣ್ಣ, ಕೆಮ್ಮಣ್ಣು ಸಿಕ್ಕರೆ ಮುಗಿಯಿತು. ಯಾರ ಮನೆಯ ಗೋಡೆಯೂ ಅವಳದೇ. ಹಬ್ಬ ಬಂತೆಂದರೆ ಚಿತ್ತಾರ ಬರೆಯಲು ಕರೆಯುವ ಮೊದಲೇ ಮುದುಕಿ ಹಾಜರು. ಹಾಗಾಗಿ ಕೃಷ್ಣಾ ಹೊಳೆಯನ್ನೂ, ಅದರ ಹಿನ್ನೀರಿನಲ್ಲಿ ಮುಳುಗಿದ ಹಳೇ ಊರನ್ನೂ ನಿಲ್ದಾಣದ ಗೋಡೆಯ ಮೇಲೆ ಬರೆಸಬೇಕೆಂದು ಹಿರಿಯರು ನಿಶ್ಚಯಿಸಿದಾಗ ಬೇರೆ ಯಾರ ಹೆಸರೂ ಬರಲಿಲ್ಲ.

ರುಕ್ಮವ್ವ ಬರೆದಳು. ಕೊಡ ಹೊತ್ತು ಹೊಳೆಯ ಮೆಟ್ಟಿಲಿಳಿಯುವ ಹೆಂಗಸರು, ಎಮ್ಮೆಯ ಮೈ ತೊಳೆಯುವ ಮಶಾಕಸಾಬ, ನಾವೆ, ಆಚೆ ದಂಡೆಯ ಜೋಳದ ಹೊಲ. ಊರಿಗೆ ಊರೇ ನೋಡಲು ಬಂತು. "ಅಯ್ಯ, ನಮ್ಮವ್ವ ನೋಡ್ರಿ!" ಎಂದು ಒಬ್ಬಳು ಅತ್ತೇಬಿಟ್ಟಳು.

ಪೀರಬಿ ಮಾತ್ರ ಮುಖ ಗಂಟು ಹಾಕಿಕೊಂಡಳು. ಹಳೇ ಊರಲ್ಲಿ ರುಕ್ಮವ್ವನ ನೆರೆಮನೆಯವಳು. ದಿನಾ ಇಬ್ಬರೂ ಕೂಡಿಯೇ ಹೊಳೆಗಿಳಿದು ಮೊಸರಿನ ಗಡಿಗೆ ತಿಕ್ಕಿದವರು. ಈಗಲೂ ಅದೇ ಗೋಡೆಯ ಎದುರು ಒಂದೇ ಚೀಲ ಹಾಸಿಕೊಂಡು ಮೊಸರು ಮಾರುವವರು.

"ಊರ ಮಂದೀನೆಲ್ಲಾ ಬರದಿ. ನಾ ಎಲ್ಲಿದ್ದೇನಿ?"

ರುಕ್ಮವ್ವ ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ಹುಡುಕಿದಳು. ಹೌದಲ್ಲ! ಪೀರಬಿ ಎಲ್ಲೂ ಇಲ್ಲ.

ಮರುದಿನ ಪೀರಬಿ ತನ್ನ ಗಡಿಗೆಗಳನ್ನು ನಿಲ್ದಾಣದ ಆಚೆ ತುದಿಗೆ ಒಯ್ದು ಕೂತಳು. ಇಷ್ಟು ವರ್ಷದ ಗೆಳೆತನ ಒಂದು ಗೋಡೆಯಿಂದ ಹೋಗುವುದೇ? ರುಕ್ಮವ್ವ ಕೆಮ್ಮಣ್ಣು ಕಲಸಿಕೊಂಡು ಮತ್ತೆ ಗೋಡೆಯ ಮುಂದೆ ನಿಂತಳು. ಮೆಟ್ಟಿಲ ಮೇಲೆ ಪೀರಬಿಯನ್ನು ಬರೆಯಹೋದರೆ ಕೈಯೇ ಏಳದು. ಅವಳು ಅಲ್ಲಿ ಕೂತವಳೇ ಅಲ್ಲ. ಮತ್ತೆಲ್ಲಿ? ಚೀಲದ ಮೇಲೆ ಕುಕ್ಕರಿಸಿ ಗೋಡೆಯತ್ತ ತಲೆ ಎತ್ತಿದಳು.

ಎದ್ದವಳೇ ಹೋಗಿ ಪೀರಬಿಯ ರಟ್ಟೆ ಹಿಡಿದು ಎಳೆದುಕೊಂಡು ಬಂದು, ಚೀಲದ ಮೇಲೆ ಕೂಡಿಸಿದಳು.

"ಗಡಿಗಿ ತೊಳ್ಯಾಕ ಎಲ್ಲಿ ಕೂಡ್ತಿದ್ವಿ?"

"ನೀರಿನ ದಂಡಿಗಿ, ನಮ್ಮ ಕಲ್ಲಿನ ಮ್ಯಾಲ. ಗೊತ್ತಿಲ್ಲೇನು?"

"ಅಲ್ಲಿಂದ ಏನೇನ ಕಾಣ್ತಿತ್ತು, ನೋಡು."

ಪೀರಬಿ ಗೋಡೆಯನ್ನು ನೋಡಿದಳು. ಎಡಕ್ಕೆ ಮೆಟ್ಟಿಲು, ಎಮ್ಮೆ. ಎದುರಿಗೆ ಹೊಳೆ. ಅದರಾಚೆ ಜೋಳ. ಆ ಕಲ್ಲಿನ ಮೇಲೆ ಕೂತಾಗ ಕಂಡಂತೆಯೇ.

"ನೀನೂ ಇಲ್ಲಲ್ಲ ಗೋಡಿ ಮ್ಯಾಲ," ಎಂದಳು ಕಡೆಗೆ.

"ಹೆಂಗ ಇರ್ತೇನಿ? ನಿನ್ನ ಬಾಜೂಕ ಕುಂತೇನಲ್ಲ!"

ಪೀರಬಿ ಸೆರಗಿನಿಂದ ಕಣ್ಣೊರೆಸಿಕೊಂಡು, ಗೆಳತಿಯನ್ನು ಮೊಣಕೈಯಿಂದ ತಿವಿದಳು.

"ಅತ್ಲಾಗ ಸರಿ. ಆಗೂ ಹಿಂಗ, ಕಲ್ಲೆಲ್ಲಾ ನೀನ ಹಿಡೀತಿದ್ದಿ."