ಬೆನ್ನಿಗಾನಹಳ್ಳಿ ದಾಟದ ಕಾರು

ಮೊನ್ನೆ ಭಾನುವಾರ ಕೃಷ್ಣರಾಜಪುರದ ತೂಗುಸೇತುವೆಯ ಮೇಲೆ ನಮ್ಮ ಕಾರು ನಿಂತಿತ್ತು. ಕೆಟ್ಟು ನಿಂತದ್ದಲ್ಲ, ಅಲ್ಲಿ ಎಲ್ಲರ ಕಾರೂ ನಿಲ್ಲುತ್ತದಲ್ಲ, ಹಾಗೆ. ಮಗಳು ಸ್ಟೀರಿಂಗ್ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದಳು. ನಾನು ಪಕ್ಕದಲ್ಲಿ ಕಿಟಕಿ ಇಳಿಸಿಕೊಂಡು ಕೂತಿದ್ದೆ. ಇದ್ದಕ್ಕಿದ್ದಂತೆ ಮೂಗಿಗೆ ಒಂದು ವಾಸನೆ ಬಡಿಯಿತು. ಕಸ ಸುಟ್ಟದ್ದಲ್ಲ, ಟಯರ್ ಸುಟ್ಟದ್ದಲ್ಲ. ತಳ ಹತ್ತಿದ ಹುರುಳಿ ಸಾರಿಗೆ ಯಾರೋ ಕೂದಲು ಸುಟ್ಟು ಹಾಕಿದ ಹಾಗೆ. ಹಳೇ ಕಾರು ಸಾಕಿದವರಿಗೆ ಹೇಳಬೇಕಾಗಿಲ್ಲ, ಅದು ಕ್ಲಚ್ ಪ್ಲೇಟ್ ಸುಡುವ ವಾಸನೆ.

"ಅಪ್ಪಾ, ಕಿಟಕಿ ಹಾಕೋ, ಏಸಿ ಎಲ್ಲಾ ಹೊರಗೆ ಹೋಗ್ತಿದೆ" ಎಂದಳು ಮಗಳು. ನಾನು ಹಾಕಲಿಲ್ಲ. ನನ್ನ ಕೈ ತಾನಾಗಿಯೇ ಎಡಗಾಲನ್ನು ಹುಡುಕಿಕೊಂಡು ಹೋಗಿತ್ತು. ಈ ಕಾಲು ಇವತ್ತಿಗೂ ನನ್ನ ಮೈಗೆ ಅಂಟಿಕೊಂಡಿರುವುದು ಈ ವಾಸನೆಯ ಪುಣ್ಯದಿಂದ ಅಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಆ ಕಾಲದಲ್ಲಿ ನಾನೂ ಬೇಕಾದಷ್ಟು ನಕ್ಕವನೇ.

ತೊಂಬತ್ತರ ದಶಕದ ಮಾತು. ಹಲಸೂರಿನ ಒಂದು ಶಾಲೆಯಲ್ಲಿ ನಾನು ಭೂಗೋಳದ ಮೇಷ್ಟ್ರು. ಮನೆ ಮರ್ಫಿ ಟೌನಿನಲ್ಲಿ. ಎರಡು ಸ್ಕೂಟರ್ ಎದುರಾದರೆ ಒಂದು ಹಿಂದಕ್ಕೆ ಹೋಗಲೇಬೇಕಾದಂಥ ಗಲ್ಲಿ. ಅಂಥ ಗಲ್ಲಿಯಲ್ಲಿದ್ದುಕೊಂಡು ನಾನು ಕಾರು ಕೊಂಡೆ. ಮಿಲಿಟರಿಯಿಂದ ನಿವೃತ್ತರಾದ ಒಬ್ಬರು ಮಾರಿದ ಕೆನೆಬಣ್ಣದ ಹಳೇ ಕಾರು, ಗೇರಿನ ಕಡ್ಡಿ ಸ್ಟೀರಿಂಗಿನ ಕೆಳಗೇ ಇರುವ ಜಾತಿ. ಯಾಕೆ ಕೊಂಡೆ ಅಂತ ಮಾತ್ರ ಕೇಳಬೇಡಿ. ನನ್ನ ಹೆಂಡತಿ ಸರೋಜ ಅಂದಿನಿಂದ ಇಂದಿನವರೆಗೂ ಕೇಳುತ್ತಲೇ ಇದ್ದಾಳೆ, ಅವಳಿಗೇ ಇನ್ನೂ ಉತ್ತರ ಸಿಕ್ಕಿಲ್ಲ.

ಆಗ ಒಂದು ಪದ್ಧತಿ ಇತ್ತು. ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿಕೊಂಡು ಒಂದು ಕಾರು ನಿಂತಿದ್ದರೆ, ಅದೇ ಜಾತಿಯ ಇನ್ನೊಂದು ಕಾರಿನವನು ನೋಡಿಯೂ ನೋಡದ ಹಾಗೆ ಮುಂದೆ ಹೋಗುತ್ತಿರಲಿಲ್ಲ. ಇಳಿದು ಬಂದು, ಹೆಸರು ಕೇಳುವ ಮೊದಲೇ "ಏನಂತೆ?" ಎಂದು ಇಂಜಿನ್ ಕಡೆ ಬಗ್ಗುತ್ತಿದ್ದ. ನನಗೆ ಬಾಷಾ ಭಾಯ್ ಸಿಕ್ಕಿದ್ದು ಹಾಗೆ, ಪಿಳ್ಳಪ್ಪನವರು ಸಿಕ್ಕಿದ್ದೂ ಹಾಗೆಯೇ. ಭಾಯ್‌ಗೆ ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ. ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದ ಹಾಗೆಯೇ ಪೆಟ್ರೋಲನ್ನೂ ಉಜ್ಜಿ ನೋಡುತ್ತಿದ್ದರು. ಪಿಳ್ಳಪ್ಪನವರು ಕೆ.ಆರ್. ಪುರದ ಆಚೆಯ ಹಳ್ಳಿಯವರು. ಅವರ ರಾಗಿ ಹೊಲ ಇದ್ದ ಕಡೆ ಆಗಲೇ ಬಾಡಿಗೆ ಮನೆಗಳು ಎದ್ದಿದ್ದವು. ಆದರೂ ಎರಡು ಹಸು ಬಿಟ್ಟಿರಲಿಲ್ಲ, ಅವುಗಳ ಹುಲ್ಲೆಲ್ಲ ಕಾರಿನಲ್ಲೇ ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ನಾವು ಮೂವರೂ ಹಲಸೂರು ಕೆರೆಯ ಬದಿಯ ಮಳೆಮರದ ಕೆಳಗೆ ಕಾರು ನಿಲ್ಲಿಸಿ ಬಾನೆಟ್ ಎತ್ತುತ್ತಿದ್ದೆವು. ರಿಪೇರಿ ಅಷ್ಟೇನೂ ಆಗುತ್ತಿರಲಿಲ್ಲ. ಮಾತಿಗೆ ಮಾತ್ರ ಬರವಿರಲಿಲ್ಲ. ಪ್ಲಗ್ಗಿನ ಬಣ್ಣ ನೋಡಿ ಭವಿಷ್ಯ ಹೇಳುವುದು, ಬೆಳಗಿನ ಜಾವ ಪೆಟ್ರೋಲ್ ಗಟ್ಟಿಯಾಗಿರುತ್ತದೋ ಇಲ್ಲವೋ ಅಂತ ವಾದ ಮಾಡುವುದು. ಇವೆಲ್ಲಕ್ಕಿಂತ ದೊಡ್ಡದು ಬಾಟಲಿ ಪರೀಕ್ಷೆ.

ಅದನ್ನು ಸ್ವಲ್ಪ ವಿವರಿಸಬೇಕು, ಕೇಳಿ. ಟ್ಯಾಂಕಿನಿಂದ ಬರುವ ಪೈಪನ್ನು ಬಿಚ್ಚಿ ಮುಚ್ಚಿಬಿಡುವುದು. ಲೀಟರ್ ಬಾಟಲಿಗೆ ಪೆಟ್ರೋಲ್ ತುಂಬಿ, ಬಾನೆಟ್ ಒಳಗೆ ಹಗ್ಗ ಹಾಕಿ ಕಟ್ಟಿ, ಅದರಿಂದ ಇಂಜಿನ್ನಿಗೆ ಸಣ್ಣ ಟ್ಯೂಬ್ ಕೊಡುವುದು. ಆಮೇಲೆ ಹಳೇ ಮದ್ರಾಸು ರಸ್ತೆ ಹಿಡಿದು ಸೀದಾ ಹೋಗುತ್ತಿರುವುದು. ಬಾಟಲಿ ಬರಿದಾಗಿ ಕಾರು ಎಲ್ಲಿ ಕೆಮ್ಮಿ ನಿಲ್ಲುತ್ತದೋ ಅದೇ ಅದರ ಮೈಲೇಜು. ನಮ್ಮ ಮೂರು ಕಾರಿನಲ್ಲಿ ಒಂದರ ಮೀಟರೂ ಓಡುತ್ತಿರಲಿಲ್ಲವಾದ್ದರಿಂದ ನಮ್ಮಲ್ಲಿ ಕಿಲೋಮೀಟರ್ ಅನ್ನುವ ಮಾತೇ ಇರಲಿಲ್ಲ, ಊರಿನ ಹೆಸರೇ ಲೆಕ್ಕ. "ನಿಮ್ದು ಎಲ್ಲಿವರೆಗೆ?" ಅಂದರೆ "ಕೆ.ಆರ್. ಪುರದ ಸಂತೆ ದಾಟ್ತು" ಎನ್ನಬೇಕು. ಆಗ ಇನ್ನೂ ತೂಗುಸೇತುವೆ ಇರಲಿಲ್ಲ, ರೈಲ್ವೆ ಗೇಟ್ ಇತ್ತು. ಗೇಟ್ ಹಾಕಿದ್ದರೆ ಇಂಜಿನ್ ಆರಿಸಿಕೊಂಡು ಕಾಯುತ್ತಿದ್ದೆವು. ಭೂಗೋಳದ ಮೇಷ್ಟ್ರಿಗೆ ಇದಕ್ಕಿಂತ ಸೊಗಸಾದ ಲೆಕ್ಕ ಇನ್ನೇನು ಬೇಕು?

ಭಾಯ್ ಕಾರು ಸಂತೆ ದಾಟುತ್ತಿತ್ತು. ಪಿಳ್ಳಪ್ಪನವರ ಕಾರು ಹುಲ್ಲು ಹೊತ್ತುಕೊಂಡೂ ಸಂತೆ ಮುಟ್ಟುತ್ತಿತ್ತು. ನನ್ನದೂ ಮೊದಲು ದಾಟುತ್ತಿತ್ತು, ಸುಳ್ಳು ಹೇಳುವುದಿಲ್ಲ. ಒಂದು ವರ್ಷ ಅದಕ್ಕೆ ಏನಾಯಿತೋ, ಗೇಟಿಗೇ ನಿಂತಿತು. ಆಮೇಲೆ ಇನ್ನೂ ಹಿಂದಕ್ಕೆ ಸರಿದು, ಬೆನ್ನಿಗಾನಹಳ್ಳಿ ಕೆರೆ ಕಾಣುತ್ತಲೇ ಕೆಮ್ಮತೊಡಗಿತು. ಅಲ್ಲಿಂದ ಮುಂದೆ ಒಂದು ಗಜ ಹೋಗಲೊಲ್ಲದು. ಗೆಳೆಯರು ನನಗೇ ಬೆನ್ನಿಗಾನಹಳ್ಳಿ ಮೇಷ್ಟ್ರು ಅಂತ ಹೆಸರಿಟ್ಟರು.

ಶುರುವಾಯಿತು ನೋಡಿ ಚಿಕಿತ್ಸೆ. ಕಾರ್ಬುರೇಟರ್ ಬಿಚ್ಚಿ ತೊಳೆದೆವು. ಪ್ಲಗ್ ಹೊಸದು, ಏರ್ ಫಿಲ್ಟರ್ ಹೊಸದು. ಬ್ರೇಕ್ ಹಿಡಿದುಕೊಂಡಿದೆಯೋ ಅಂತ ಓಡಿಸಿ ನಿಲ್ಲಿಸಿ ನಾಲ್ಕು ಚಕ್ರದ ಮೇಲೂ ಕೈಯಿಟ್ಟು ಬಿಸಿ ನೋಡಿದೆವು. ಪೆಟ್ರೋಲ್ ಬಂಕನ್ನು ಬೈದು ಬೇರೆ ಬಂಕಿಗೆ ಹೋದೆ, ಅದನ್ನೂ ಬೈದೆ. ತೂಕ ಕಡಿಮೆ ಮಾಡಬೇಕು ಅಂತ ಡಿಕ್ಕಿಯಲ್ಲಿದ್ದದ್ದನ್ನೆಲ್ಲ ತೆಗೆದು ಮನೆಯೊಳಗೆ ಹಾಕಿದಾಗ ಸರೋಜ, "ಹಾಗಾದ್ರೆ ಇನ್ಮೇಲೆ ನಾನು ಬಸ್ಸಲ್ಲೇ ಬರ್ತೀನಿ ಬಿಡಿ, ಅಷ್ಟು ತೂಕ ಉಳೀತು" ಎಂದಳು. ಈ ನಡುವೆ ಕ್ಲಚ್ ಬೇರೆ ಸುಟ್ಟು ವಾಸನೆ ಬರತೊಡಗಿತು. ಪ್ಲೇಟ್ ಬದಲಾಯಿಸಿದೆ. ಮಳೆಗಾಲ ಮುಗಿಯುವುದರೊಳಗೆ ಅದೂ ಸುಟ್ಟಿತು. "ಈಗ ಎಲ್ಲಾ ನಕಲಿ ಮಾಲು" ಅಂತ ನಾನೇ ತೀರ್ಪು ಕೊಟ್ಟು ಇನ್ನೊಂದು ಹಾಕಿಸಿದೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ನನ್ನ ಚಪ್ಪಲಿಯ ವಿಷಯ ಹೇಳಬೇಕು. ಅದೇ ದಿನಗಳಲ್ಲಿ ಒಂದು ಸಂಜೆ ದೇವಸ್ಥಾನಕ್ಕೆ ಹೋಗಿ ಮನೆಗೆ ಬಂದಾಗ ನನ್ನ ಎಡಗಾಲಲ್ಲಿ ಚಪ್ಪಲಿ ಇರಲಿಲ್ಲ. "ಯಾವನೋ ಕದ್ದ" ಎಂದೆ.

"ಒಂದೇ ಚಪ್ಪಲಿ ಕದಿಯೋ ಕಳ್ಳ ಯಾರ್ರೀ ಅವ್ನು?" ಎಂದಳು ಸರೋಜ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಮಾರನೆಯ ದಿನವೇ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ತಂದುಕೊಂಡೆ, ಕಳಚಿ ಬೀಳಬಾರದಲ್ಲ ಅಂತ. ನನಗೆ ಸಕ್ಕರೆ ಕಾಯಿಲೆ ಇದೆ ಅಂತ ಡಾಕ್ಟರು ಹೇಳಿ ಬಹಳ ವರ್ಷವಾಗಿತ್ತು. ಬೆಳಿಗ್ಗೆ ಗುಳಿಗೆ ನುಂಗಿ, ಸಂಜೆ ಮೈಸೂರು ಪಾಕ್ ತಿಂದು, ಡಾಕ್ಟರನ್ನೂ ನಾಲಗೆಯನ್ನೂ ಒಟ್ಟಿಗೆ ಸಂತೋಷವಾಗಿಟ್ಟಿದ್ದೆ. ಕಾರಿನ ಮೈಲೇಜಿಗೂ ಇದಕ್ಕೂ ಏನು ಸಂಬಂಧ ಅಂತ ಯಾವ ಬುದ್ಧಿವಂತನಿಗೆ ತಾನೆ ಹೊಳೆದೀತು?

ಹೊಸ ಕ್ಲಚ್ ಹಾಕಿಸಿದ ಮೇಲೆ ಬಾಟಲಿ ಕಟ್ಟಿ ಹೊರಟೆ. ಬೆನ್ನಿಗಾನಹಳ್ಳಿ! ಕೆರೆಯ ಹಕ್ಕಿಗಳಿಗೂ ನನ್ನ ಗುರುತು ಸಿಕ್ಕಿರಬೇಕು. ಆಗ ಜೊತೆಗೆ ಬಂದಿದ್ದ ಬಾಷಾ ಭಾಯ್ ಮತ್ತೆ ಅದೇ ಸುಟ್ಟ ವಾಸನೆ ಮೂಸಿ, ತಲೆ ಕೆರೆದುಕೊಂಡು, "ಮಾಸ್ಟರ್ ಸಾಬ್, ಬೇಜಾರಿಲ್ಲ ಅಂದ್ರೆ ಒಂದ್ಸಲ ನಾನು ಓಡಿಸ್ಲಾ?" ಎಂದರು. ವಾಪಸು ಹಲಸೂರಿಗೆ ಬಂದು ಮತ್ತೆ ಬಾಟಲಿ ತುಂಬಿದೆವು. ಭಾಯ್ ನನ್ನ ಕಾರಿನಲ್ಲಿ, ನಾನು ಪಿಳ್ಳಪ್ಪನವರ ಕಾರಿನಲ್ಲಿ ಹಿಂದೆ. ಬೆನ್ನಿಗಾನಹಳ್ಳಿ ಬಂತು. ಕಾರು ನಿಲ್ಲಲಿಲ್ಲ. ಗೇಟ್ ಬಂತು, ತೆರೆದೇ ಇತ್ತು, ದಾಟಿತು. ಸಂತೆಯ ಟೊಮೆಟೊ ರಾಶಿಗಳ ಪಕ್ಕದಲ್ಲಿ ನನ್ನ ಕಾರು ಮದುವೆಗೆ ಹೊರಟ ಹಾಗೆ ಹೋಗುತ್ತಿತ್ತು. ಸಂತೆ ದಾಟಿದ ಮೇಲೆಯೇ ಕೆಮ್ಮಿದ್ದು.

ನಾನು ಖುಷಿಪಡಬೇಕಾಗಿತ್ತು. ಪಡಲಿಲ್ಲ. ಕಾರು ಸರಿಯಿದೆ ಅಂದರೆ ಓಡಿಸುವವನು ಸರಿಯಿಲ್ಲ ಅಂತ ತಾನೆ ಅರ್ಥ? "ಇಳಿಜಾರಲ್ಲಿ ನ್ಯೂಟ್ರಲ್ ಮಾಡಿ ಬಿಟ್ಟಿದ್ದೀರ ಭಾಯ್, ಅದಕ್ಕೇ ಬಂತು" ಎಂದೆ. ಎಷ್ಟು ವರ್ಷದ ಸ್ನೇಹಿತ, ಎಂಥ ಮಾತು! ಪಿಳ್ಳಪ್ಪನವರು ಟೊಮೆಟೊ ನೋಡುತ್ತಾ ನಿಂತರು. ಭಾಯ್ ಮುಖ ಕೆಂಪಾಯಿತು. ಆದರೆ ಜಗಳಕ್ಕೆ ಬರಲಿಲ್ಲ.

"ಸರಿ, ಇನ್ನೊಂದ್ಸಲ. ನೀವೇ ಓಡ್ಸಿ. ನಾನು ಪಕ್ಕದಲ್ಲಿ ಕೂತ್ಕೊತೀನಿ."

ಆ ಸಲ ಭಾಯ್ ರಸ್ತೆ ನೋಡಲೇ ಇಲ್ಲ. ಹಲಸೂರು ಬಿಟ್ಟಾಗಿನಿಂದ ಬಗ್ಗಿ ನನ್ನ ಪಾದಗಳನ್ನೇ ನೋಡುತ್ತಿದ್ದರು. ನನಗೋ ಒಳಗೊಳಗೇ ರೇಗುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಹೇಳಿದರು, "ಕ್ಲಚ್ ಮೇಲಿಂದ ಕಾಲು ತೆಗೀರಿ. ಅದಕ್ಕೇ ಪ್ಲೇಟ್ ಸುಡೋದು, ಪೆಟ್ರೋಲ್ ಕುಡಿಯೋದು."

"ತೆಗೆದಿದ್ದೀನಲ್ಲ!"

"ಎಲ್ಲಿ ತೆಗೆದ್ರಿ?"

"ಅಯ್ಯೋ, ತೆಗ್ದೇ ಇದ್ದೀನಿ ಭಾಯ್, ಗೇರ್ ಹಾಕ್ದಾಗ್ಲೇ ತೆಗ್ದೆ!"

"ಒಂದ್ಸಲ ಕೆಳಗೆ ನೋಡಿ ಮಾಸ್ಟರ್ ಸಾಬ್."

ನೋಡಿದೆ. ಕ್ಲಚ್ಚಿನ ಮೇಲೆ ಒಂದು ಕಾಲು ಆರಾಮಾಗಿ ಕೂತಿತ್ತು. ನನ್ನದೇ ಪ್ಯಾಂಟು, ನನ್ನದೇ ಸ್ಯಾಂಡಲ್ಲು. ಆದರೆ ಅದನ್ನು ಅಲ್ಲಿ ಇಟ್ಟವನು ನಾನಲ್ಲ. ದೇವರಾಣೆ ನನಗೆ ಗೊತ್ತಿರಲಿಲ್ಲ. ಕಾಲು ಪಕ್ಕದಲ್ಲಿ ನೆಲದ ಮೇಲಿದೆ ಅಂತಲೇ ನನ್ನ ಮೈಯೆಲ್ಲ ಹೇಳುತ್ತಿತ್ತು, ಕಣ್ಣೊಂದು ಮಾತ್ರ ಇಲ್ಲ ಎನ್ನುತ್ತಿತ್ತು. ಅಷ್ಟು ಹತ್ತಿರದಲ್ಲಿ, ಹುಟ್ಟಿದಾಗಿನಿಂದ ಜೊತೆಗಿದ್ದದ್ದು, ಯಾವಾಗ ನನಗೆ ಹೇಳದೆ ಹೊರಟುಹೋಗಿತ್ತು?

ಬೆನ್ನಿಗಾನಹಳ್ಳಿ ಕೆರೆಯ ಬಳಿ ಕಾರು ನಿಂತಿತು. ಭಾಯ್ ಇಳಿದು ನನ್ನ ಕಡೆ ಬಂದು ಬಾಗಿಲು ತೆಗೆದು, ರಸ್ತೆಯ ಮೇಲೆ ಮಂಡಿಯೂರಿ ಕೂತರು. ಬಿಳಿ ಪೈಜಾಮ ಮಣ್ಣಾಯಿತು. "ಬೇಡ ಭಾಯ್, ಏನಿದು" ಅನ್ನುವುದರೊಳಗೆ ಸ್ಯಾಂಡಲ್ಲಿನ ಪಟ್ಟಿ ಬಿಚ್ಚಿದ್ದರು. ಒಳಗಿನಿಂದ ಒಂದು ಸಣ್ಣ ಮೊಳೆ ತಲೆಯೆತ್ತಿತ್ತು. ಎಷ್ಟು ದಿನದಿಂದಲೋ ಅದು ನನ್ನ ಕಿರುಬೆರಳಿನ ಬುಡವನ್ನು ಕೊರೆಯುತ್ತಾ ಬಂದಿತ್ತು. ಬೆರಳು ಕಪ್ಪಾಗಿತ್ತು. ಸ್ನಾನ ಮಾಡುವಾಗ ಕಾಣಲಿಲ್ಲವೇ ಅಂತ ನೀವು ಕೇಳಬಹುದು. ನೀವು ನಿಮ್ಮ ಅಂಗಾಲನ್ನು ಕೊನೆಯ ಸಲ ನೋಡಿದ್ದು ಯಾವಾಗ, ಹೇಳಿ?

"ನೋವಾಗ್ತಿದ್ಯಾ?" ಎಂದು ಒತ್ತಿ ಕೇಳಿದರು ಭಾಯ್. ಇಲ್ಲ ಎಂದೆ. ಅವರ ಕಣ್ಣಲ್ಲಿ ನೀರು ಬಂತು. "ಸಕ್ಕರೆ ಕಾಯಿಲೇಲಿ ನಮ್ಮ ಅಬ್ಬಾಗೂ ಹಿಂಗೇ ಆಯ್ತು. ಮನೆ ತುಂಬಾ ಜನ ಇದ್ವಿ, ಒಬ್ರೂ ಕೆಳಗೆ ನೋಡ್ಲಿಲ್ಲ. ಮಂಡಿವರೆಗೂ ಕಾಲು ತೆಗೆದ್ರು."

ಪಿಳ್ಳಪ್ಪನವರು ಹಿಂದೆ ಬರುತ್ತಿದ್ದರಲ್ಲ, ಅವರು ನೋಡಿದವರೇ ತಮ್ಮ ಕಾರಿನ ಹಿಂದಿನ ಸೀಟಿನಿಂದ ಹುಲ್ಲಿನ ಹೊರೆ ಎಳೆದು ಕೆರೆ ದಂಡೆಗೆ ಎಸೆದರು. ನನ್ನನ್ನು ಮಲಗಿಸಿದರು. ನನ್ನ ಕಾರನ್ನು ಅಲ್ಲೇ ಬಿಟ್ಟೆವು, ಬೀಗ ಹಾಕಿದೆವೋ ಇಲ್ಲವೋ ನೆನಪಿಲ್ಲ. ಆಸ್ಪತ್ರೆಯವರೆಗೂ ಪಿಳ್ಳಪ್ಪನವರು ಹಾರನ್ನಿನಿಂದ ಕೈ ತೆಗೆಯಲಿಲ್ಲ. ನಡುವೆ ಒಂದೇ ಒಂದು ಮಾತು ಆಡಿದರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳ್ದಂಗಾಯ್ತಲ್ಲ ಸ್ವಾಮಿ! ಇಷ್ಟ್ ದಿನ ಆ ಬಡಪಾಯಿ ಕಾರನ್ನ ಬಿಚ್ಚಿ ಬಿಚ್ಚಿ ಸಾಯಿಸ್ದೋ." ಭಯದಲ್ಲಿ ಹಲ್ಲು ಕಡಿದುಕೊಂಡಿದ್ದ ನನಗೆ ನಗು ಬಂದುಬಿಟ್ಟಿತು. ಭಾಯ್ ಮಾತ್ರ ನಗಲಿಲ್ಲ, ದಾರಿಯುದ್ದಕ್ಕೂ ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದರು. ಆ ಹಿಡಿತವೂ ನನಗೆ ಗೊತ್ತಾಗಲಿಲ್ಲ, ಕಣ್ಣಲ್ಲಿ ನೋಡಿ ತಿಳಿದುಕೊಂಡೆ.

ಕಿರುಬೆರಳು ಹೋಯಿತು. ಕಾಲು ಉಳಿಯಿತು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಕಾಲಿನ ಬಗ್ಗೆ ಮಾತು ಕೊಡುತ್ತಿರಲಿಲ್ಲ ಎಂದರು ಡಾಕ್ಟರು. ಸರೋಜ ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕೂತು, "ಆ ಚಪ್ಪಲಿ ಕಳ್ಳನ ಮಾತಿಗೆ ನಾನೂ ನಕ್ಬಿಟ್ಟೆನಲ್ರೀ" ಅಂತ ಅತ್ತಳು. ನಾನು ಅತ್ತದ್ದು ಬೇರೆ ಕಾರಣಕ್ಕೆ. ಪೆಟ್ರೋಲಿಗೆ ಕಣ್ಣಿಲ್ಲ, ಕಿವಿಯಿಲ್ಲ, ನನ್ನ ಮೇಲೆ ಪ್ರೀತಿಯಂತೂ ಇಲ್ಲವೇ ಇಲ್ಲ. ಆದರೂ ಪ್ರತಿ ಭಾನುವಾರ ಅದೇ ಕೆರೆಯ ಹತ್ತಿರ ನಿಲ್ಲಿಸಿ ನಿಲ್ಲಿಸಿ ಅದು ನನಗೆ ಹೇಳುತ್ತಲೇ ಇತ್ತು. ಕೇಳಿಸಿಕೊಳ್ಳುವುದಕ್ಕೆ, ನಾನು ಬೈದರೂ ಎದ್ದುಹೋಗದ ಇನ್ನೊಬ್ಬ ಕಾರಿನವನು ಬೇಕಾಯಿತು. ಅಂಥವನು ನನಗೆ ಸಿಕ್ಕಿದ್ದ. ಅದು ನೆನಪಾದಾಗಲೆಲ್ಲ ಕೈ ಮುಗಿಯೋಣ ಅನ್ನಿಸುತ್ತದೆ, ಯಾರಿಗೆ ಅಂತ ತಿಳಿಯುವುದಿಲ್ಲ.

ಕಾರು ಮಾರಿ ಬಹಳ ಕಾಲವಾಯಿತು. ಪಿಳ್ಳಪ್ಪನವರು ಈಗಿಲ್ಲ. ಭಾಯ್ ಈಗಲೂ ಭಾನುವಾರ ಫೋನು ಮಾಡುತ್ತಾರೆ, ಮೊದಲ ಪ್ರಶ್ನೆ, "ಕೆಳಗೆ ನೋಡಿದ್ರಾ?" ನೋಡಿದೆ ಎನ್ನುತ್ತೇನೆ. ದಿನಾ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುವುದು ನನ್ನ ಪೂಜೆ.

ಸೇತುವೆಯ ಮೇಲೆ ಆ ವಾಸನೆ ಇನ್ನೂ ಬರುತ್ತಲೇ ಇತ್ತು. ಮುಂದಿನ ಸಣ್ಣ ವ್ಯಾನಿನದ್ದೇ. ಅದು ಇಷ್ಟಿಷ್ಟೇ ತೆವಳುತ್ತಿತ್ತು, ಇಂಜಿನ್ ಮಾತ್ರ ಕೂಗಾಡುತ್ತಿತ್ತು. ನಾನು ಬಾಗಿಲು ತೆಗೆದು ಇಳಿದೆ. "ಅಪ್ಪಾ! ಎಲ್ಲಿಗೆ?" ಎಂದು ಮಗಳು ಕಿರುಚಿದಳು. ಹಾರನ್ನುಗಳ ಮಧ್ಯೆ ನಡೆದುಹೋಗಿ ವ್ಯಾನಿನ ಕಿಟಕಿ ತಟ್ಟಿದೆ. ಒಳಗೆ ಒಬ್ಬ ಯುವಕ, ಇಯರ್‌ಫೋನ್ ತೆಗೆದು ನೋಡಿದ.

"ತಪ್ಪು ತಿಳ್ಕೋಬೇಡ ತಮ್ಮಾ. ನಿನ್ನ ಎಡಗಾಲು ಎಲ್ಲಿದೆ?"

"ಏನಂಕಲ್?"

"ಎಡಗಾಲು. ಎಲ್ಲಿದೆ ಹೇಳು."

ಅವನು ನನ್ನ ಮುಖವನ್ನೇ ನೋಡುತ್ತಾ, ಒಂದು ಸಲವೂ ಕೆಳಗೆ ನೋಡದೆ, "ಕ್ಲಚ್ ಮೇಲೆ ಅಂಕಲ್. ಅಭ್ಯಾಸ ಆಗ್ಬಿಟ್ಟಿದೆ. ಯಾಕೆ, ವಾಸ್ನೆ ಬರ್ತಿದ್ಯಾ? ಸಾರಿ ಸಾರಿ" ಎಂದ. ಕಾಲು ತೆಗೆದ. ವ್ಯಾನಿನ ಕೂಗು ನಿಂತಿತು.

ವಾಪಸು ಬಂದು ಕೂತೆ. ಮಗಳು ಕೆಂಗಣ್ಣು ಬಿಟ್ಟುಕೊಂಡಿದ್ದಳು. "ಯಾರಪ್ಪಾ ಅವ್ನು? ಗುರುತಿನವ್ನಾ? ಏನಂದ?"

"ಅವ್ನ ಕಾಲು ಅವ್ನಿಗೆ ಗೊತ್ತಾಗತ್ತೆ ಕಣಮ್ಮಾ" ಎಂದು ಕಿಟಕಿ ಹಾಕಿಕೊಂಡೆ.