ಟೇಪಮ್ಮನ ಆಕ್ಷೇಪಣೆಗಳು

ಬೀದಿಯವರೆಲ್ಲ ಅವಳನ್ನು ಟೇಪಮ್ಮ ಎನ್ನುತ್ತಿದ್ದರು. ಪರದೆ ಹೊಲಿಯುವುದು ಅವಳ ಕಸುಬು. ಅಳತೆಯ ಟೇಪು ಸದಾ ಕೊರಳಲ್ಲಿ ಜೋತಾಡುತ್ತಿತ್ತು. ಹೊಲಿಗೆ, ಅಡುಗೆ, ನಿದ್ದೆ ಎಲ್ಲವೂ ಎರಡನೇ ಮಹಡಿಯ ಎರಡು ಕೋಣೆಗಳಲ್ಲೇ. ಗಿರಾಕಿಗಳ ಮನೆಗೆ ಹೋಗಿ ಕಿಟಕಿ ಅಳೆಯುವ ಕೆಲಸವನ್ನೂ, ನಿವೃತ್ತನಾದ ಮೇಲೆ, ಗಂಡನೇ ವಹಿಸಿಕೊಂಡಿದ್ದ. “ನೀನ್ಯಾಕೆ ಮೆಟ್ಲು ಹತ್ತಿ ಇಳಿದು ಸಾಯ್ತೀಯ?” ಎಂದಿದ್ದ. ಅದು ಕಾಳಜಿಯೇ. ಅದರಲ್ಲಿ ಸುಳ್ಳಿರಲಿಲ್ಲ.

ಹೀಗಾಗಿ, ಸಕ್ಕರೆ ಕಾಯಿಲೆ ಬಂದಿದೆ, ದಿನಾ ನಡೆಯಬೇಕು ಎಂದು ಡಾಕ್ಟರು ಹೇಳಿದಾಗ ಅವಳು ಮುಖ ಸಣ್ಣದು ಮಾಡಿಕೊಂಡು ಕೇಳಿದಳು, ಒಳಗೊಳಗೇ ಹಿಗ್ಗಿದಳು. ಬೆಳಗಿನ ಒಂದು ಗಂಟೆ ಅವಳದಾಯಿತು. ಕೆಳಗೆ ಗೇಟಿನ ಹತ್ತಿರ ಗೆಳತಿ ಪೋಸ್ಟಕ್ಕ ಕಾಯುತ್ತಿದ್ದಳು. ಅಂಚೆ ಹಂಚಿ ನಿವೃತ್ತಳಾದವಳು, ಪ್ರತಿ ಮನೆಯ ಬಾಗಿಲ ಹಿಂದಿನ ಕಥೆಯನ್ನೂ ಬಲ್ಲವಳು.

“ಏನೇ, ನಿನ್ನ ಯಜಮಾನ್ರು ಇವತ್ತೂ ಬಿಟ್ರಾ?”

“ಡಾಕ್ಟ್ರ ಅಪ್ಪಣೆ ಕಣೇ. ಅವರಪ್ಪನಾಣೆಗೂ ತಡೆಯೋ ಹಾಗಿಲ್ಲ.”

ಇಬ್ಬರೂ ನಕ್ಕ ನಗೆಗೆ ತಂತಿಯ ಮೇಲಿನ ಕಾಗೆಗಳು ಹಾರುತ್ತಿದ್ದವು.

ಒಂದು ಬೆಳಿಗ್ಗೆ, ಪೈಪು ಹಾಕಲು ಅಗೆದಿಟ್ಟ ಕಡೆ ಎಡವಿ ಬಿದ್ದಳು. ಕಾಲಿನ ಊತ ಇಳಿಯುವ ಮೊದಲೇ ಗಂಡ ತೀರ್ಮಾನಿಸಿದ: “ಟ್ರೆಡ್‌ಮಿಲ್ ತರೋಣ. ಮೂವತ್ತು ಸಾವಿರದೊಳಗೆ.”

ಅವನು ಕಾರ್ಖಾನೆಯೊಂದರಲ್ಲಿ ಉಗ್ರಾಣ ನೋಡಿಕೊಂಡಿದ್ದವನು. ಸಾಮಾನು ಕೊಳ್ಳುವಾಗ ಯಾರ ಜೊತೆಗೂ ವಾದಕ್ಕಿಳಿಯುತ್ತಿರಲಿಲ್ಲ. ಏನು ಸರಿಯಿಲ್ಲ ಎಂದು ಕೇಳಿ ತಿಳಿದುಕೊಂಡು, ಆ ಎಲ್ಲ ಕೊರತೆಗಳೂ ಇಲ್ಲದ ಅತಿ ಅಗ್ಗದ ಮಾಲನ್ನು ಹುಡುಕಿ ತರುತ್ತಿದ್ದ. ‘ಬೇಡ’ ಎನ್ನುವ ಮಾತು ಅವನ ಕಿವಿಗೆ ‘ಹೀಗಿದ್ದರೆ ಬೇಡ’ ಎಂದೇ ಬೀಳುತ್ತಿತ್ತು.

ಇದು ಟೇಪಮ್ಮನಿಗೆ ಗೊತ್ತಿರಬೇಕಿತ್ತು. ಆದರೆ ಹೊರಗೆ ಹೋಗುವುದು ಇಷ್ಟ ಎಂಬುದು ಒಂದು ಕಾರಣವೆಂದು ಅವಳಿಗೇ ತೋರಲಿಲ್ಲ. ಯಂತ್ರದಲ್ಲೇ ತಪ್ಪು ಹುಡುಕೋಣವೆಂದು ಟೇಪು ಹಿಡಿದು ಗಂಡನ ಜೊತೆ ಅಂಗಡಿಗೆ ಹೊರಟಳು.

ಮೊದಲ ಅಂಗಡಿಯಲ್ಲಿ ಅಗ್ಗದ್ದೊಂದನ್ನು ಹತ್ತಿ ಇಳಿದಳು. “ನಡೆಯೋ ಪಟ್ಟಿ ಗಿಡ್ಡ ರೀ. ಕಾಲು ಚಾಚಿದ್ರೆ ಹಿಂದಕ್ಕೆ ಬೀಳ್ತೀನಿ.”

“ಮೇಡಂ, ಎರಡೂವರೆ ಅಶ್ವಶಕ್ತಿ ಮೋಟಾರು!” ಎಂದ ಅಂಗಡಿಯವನು.

“ಅದು ಒಂದು ಕ್ಷಣ ದಮ್ಮು ಕಟ್ಟಿದಾಗಿನ ಲೆಕ್ಕ,” ಎಂದ ಗಂಡ. “ಒಂದೇ ಸಮ ಓಡಿದ್ರೆ ಎಷ್ಟು, ಅದ್ಹೇಳಪ್ಪ.”

ಉದ್ದ ಪಟ್ಟಿಯದ್ದು ಗುರುಗುಟ್ಟುತ್ತಿತ್ತು. ಕೆಳಮನೆಯವರು ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮಲಗುವವರು ಎಂದಳು. ಸದ್ದಿಲ್ಲದ್ದು ಹತ್ತಲು ಎತ್ತರವಾಯಿತು, ಮಂಡಿ ನೆಪವಾಯಿತು. ತಗ್ಗಿನದ್ದು ಮಡಚುವಂಥದ್ದಲ್ಲ. “ಇದನ್ನಿಟ್ರೆ ನನ್ನ ಕತ್ತರಿಸೋ ಮೇಜು ನಿಮ್ಮ ತಲೆ ಮೇಲಿಡ್ಲಾ?” ಎಂದಳು. ಎಲ್ಲವೂ ಸರಿಯಿದ್ದ ಒಂದಕ್ಕೆ ಅವನು ಹೇಳಿದ್ದರ ಎರಡರಷ್ಟು ಬೆಲೆ. ಅವಳಿಗೆ ಹೋದ ಜೀವ ಬಂದಂತಾಯಿತು.

“ಬರಿಗೈಲಿ ಬಂದ್ವಿ ಕಣೇ,” ಎಂದು ಪೋಸ್ಟಕ್ಕನಿಗೆ ಹೇಳಿದಳು.

“ನಿನ್ನ ಟೇಪಿಗೆ ಜೈ!”

ಮುಂದಿನ ಕೆಲವು ದಿನ ಗಂಡ ಮಧ್ಯಾಹ್ನ ಮನೆಯಲ್ಲಿರಲಿಲ್ಲ. ಎಲ್ಲಿಗೆಂದು ಅವಳು ಕೇಳಲೂ ಇಲ್ಲ. ಒಂದು ಸಂಜೆ ಇಬ್ಬರು ಕೂಲಿಯವರು ಏದುಸಿರು ಬಿಡುತ್ತ ಆ ಯಂತ್ರವನ್ನು ಮೇಲಕ್ಕೆ ತಂದಿಟ್ಟರು.

“ಅದೇ ನೋಡೇ, ಎರಡರಷ್ಟು ಬೆಲೆಯದ್ದು. ಸೆಕೆಂಡ್ ಹ್ಯಾಂಡು. ಯಾರೋ ಪುಣ್ಯಾತ್ಮರು ಕೊಂಡು ಬಟ್ಟೆ ಒಣಹಾಕಿದಾರೆ, ಅಷ್ಟೇ. ಪಟ್ಟಿಯ ಅಡಿಭಾಗ ಕೂಡ ಸವೆದಿಲ್ಲ.” ಅವನ ಮುಖ ಅರಳಿತ್ತು. “ನೀನು ಹೇಳಿದ್ದು ಒಂದೂ ಬಿಟ್ಟಿಲ್ಲ. ಅಳ್ದು ನೋಡು.”

ಅವಳು ಅಳೆದಳು. ಎಲ್ಲ ಸರಿಯಿತ್ತು.

ಟೇಪನ್ನು ಸುತ್ತುತ್ತ ಅವಳೆಂದಳು, “ನಂಗೆ ಹೊರಗೆ ನಡೆಯೋದು ಇಷ್ಟ ರೀ.”

ಸ್ಪ್ಯಾನರ್ ಹಿಡಿದ ಅವನ ಕೈ ನಿಂತಿತು. “ಅವತ್ತೇ ಹೇಳೋದಲ್ವೇನೇ? ಅಷ್ಟು ಅಂಗಡಿ ಸುತ್ತಿದ್ವಿ, ಒಂದು ಸಲನಾದ್ರೂ ಬಾಯಿ ಬಿಟ್ಯಾ?”

“ಹೇಳಿದ್ರೆ ಬಿಡ್ತಿದ್ರಾ?”

ಅವನು ಪ್ರಾಮಾಣಿಕ ಮನುಷ್ಯ. ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದ.

“ಇಲ್ಲ,” ಎಂದ. “ಬಿಡ್ತಿರ್ಲಿಲ್ಲ.” ಮತ್ತೆ ಬೋಲ್ಟು ಬಿಗಿಯತೊಡಗಿದ.

ಮರುದಿನ ಬೆಳಿಗ್ಗೆ ಅವಳು ಯಂತ್ರ ಹತ್ತಿದಳು. ಅದರಿಂದ ಇಳಿಬಿದ್ದ ಕೆಂಪು ದಾರದ ತುದಿಯ ಕ್ಲಿಪ್ಪನ್ನು ಅವನು ಅವಳ ಬಟ್ಟೆಗೆ ಸಿಕ್ಕಿಸಿದ. “ಬಿದ್ರೆ ದಾರ ಎಳೆದು ಯಂತ್ರ ತಾನೇ ನಿಲ್ಲುತ್ತೆ. ಭಯ ಬೇಡ.”

ಕೆಳಗಿನಿಂದ ಕೂಗು ಬಂತು: “ಏನೇ, ಎದ್ದಿಲ್ವಾ ಇನ್ನೂ?”

ಗಂಡ ಕಿಟಕಿಯಿಂದ ಬಗ್ಗಿದ. “ಇನ್ಮೇಲೆ ಇವಳು ಮನೇಲೇ ನಡೀತಾಳಮ್ಮ!”

“ಅವಳೇ ಹೇಳ್ಲಿ!”

ಅವನು ತಿರುಗಿ ಹೆಂಡತಿಯತ್ತ ನೋಡಿದ. ಪೋಸ್ಟಕ್ಕ ಇನ್ನೊಂದು ಸಲ ಕೂಗಿದಳು. ಹೇಳಬೇಕಾದ್ದನ್ನು ನಿನ್ನೆಯೇ ಹೇಳಿಯಾಗಿತ್ತು. ಟೇಪಮ್ಮ ಗೋಡೆಯ ಮೇಲಿನ ಕಣ್ಣು ಕೀಳದೆ, ವೇಗ ಹೆಚ್ಚಿಸುವ ಗುಂಡಿ ಒತ್ತಿದಳು.